ಆಟ ಉಳಿಸಿದ ಊರಲ್ಲಿ ಆಟ ಉಳಿಯಲಿಲ್ಲ!

ಹೋಟೆಲಿನವರು ಗಡಿಯಾರ ನೋಡುವುದು ಹಾಲಿನವ ಬಂದನೇ ಅಂತ. ಬಸ್ಸಿಗೆ ಕಾದವರು ಗಡಿಯಾರ ನೋಡುವುದು ಐದೂ ಮುಕ್ಕಾಲರ ಬಸ್ಸು ಹೋಯಿತೇ ಅಂತ. ಆದರೆ ಗಡಿಯಾರ ಮುಂದಿಟ್ಟುಕೊಂಡು, ಕಾಗದದ ಮೇಲೆ ಒಂದೇ ಒಂದು ಭಾಗಾಕಾರ ಮಾಡಿ, ಇಡೀ ದೇಶದ ಆಟವೊಂದನ್ನು ದಿವಾಳಿಯ ದಾರಿಯಿಂದ ಈಚೆಗೆ ಎಳೆದ ಅಂಗಡಿಯವನೊಬ್ಬ ಇದ್ದ. ಹೆಸರು ಡ್ಯಾನಿ ಬಿಯಾಸೋನ್. ಊರು ಅಮೆರಿಕದ ಸಿರಕ್ಯೂಸ್. ಕಸುಬು ಬೌಲಿಂಗ್ ಹಾಲ್ ನಡೆಸುವುದು.

ಬೌಲಿಂಗ್ ಅಂದರೆ ಕ್ರಿಕೆಟ್ಟಿನದಲ್ಲ ಸ್ವಾಮಿ. ಉದ್ದನೆಯ ಮರದ ಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ, ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಗೂಟ ಬೀಳಿಸೋ ಆಟ. ಅರ್ಧ ಗಂಟೆ ಆಡಿದರೆ ಇಷ್ಟು ಕಾಸು ಅಂತ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ನಮ್ಮ ಕಡೆ ಕೇರಂ ಬೋರ್ಡು ಬಾಡಿಗೆಗೆ ಇಡುತ್ತಾರಲ್ಲ, ಅದೇ ಜಾತಿಯ ವ್ಯಾಪಾರ, ಸ್ವಲ್ಪ ದೊಡ್ಡದು ಅಷ್ಟೆ.

ಇಂಥ ಅಂಗಡಿಯವನ ಲೆಕ್ಕ ಇವತ್ತಿಗೂ ಪ್ರತಿ ವರ್ಷ ಏಪ್ರಿಲ್ ಮಧ್ಯದಿಂದ ಜೂನ್ ತನಕ ಕೋಟಿಗಟ್ಟಲೆ ಜನರ ಕಣ್ಣೆದುರು ಟಿಕ್ ಟಿಕ್ ಅಂತ ಓಡುತ್ತದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಎನ್.ಬಿ.ಎ. ಅಂತ ಹೆಸರು. ಅದರ ಕೊನೆಯ ಸುತ್ತುಗಳಿಗೆ ಪ್ಲೇಆಫ್ ಅನ್ನುತ್ತಾರೆ. ಆ ಪ್ಲೇಆಫಿನ ಜೀವ ಇರುವುದೇ ಆತನ ಗಡಿಯಾರದಲ್ಲಿ. ಆದರೆ ಆತನ ಊರಿಗೆ ಇವತ್ತು ಆ ಲೀಗಿನಲ್ಲಿ ತಂಡವೇ ಇಲ್ಲ. ಇದು ಹೇಗಾಯಿತು? ಹಾಗಾಗುವುದು ತಪ್ಪುತ್ತಿತ್ತೇ? ಊರು ಅಂದರೆ ಏನು, ಊರಿನ ಹೆಮ್ಮೆಗೆ ಯಾರು ಬಾಡಿಗೆ ಕಟ್ಟಬೇಕು ಅಂತ ಯೋಚಿಸುವವರೆಲ್ಲ ಕೇಳಬೇಕಾದ ಕತೆ ಇದು.

ಹದಿನಾರು ಗೆದ್ದರೆ ಕಿರೀಟ

ಮೊದಲು ಇಂದಿನ ಪದ್ಧತಿ ಏನು ಅಂತ ತಿಳಿಯೋಣ. ಲೀಗಿನಲ್ಲಿ 30 ತಂಡ. ಅಕ್ಟೋಬರದಿಂದ ಏಪ್ರಿಲ್ ತನಕ ಒಂದೊಂದು ತಂಡವೂ 82 ಪಂದ್ಯ ಆಡಬೇಕು. ಪೂರ್ವ, ಪಶ್ಚಿಮ ಅಂತ ಎರಡು ಭಾಗ. ಒಂದೊಂದು ಭಾಗದಲ್ಲೂ ಮೊದಲ ಆರು ತಂಡಕ್ಕೆ ನೇರ ಪ್ರವೇಶ. ಏಳರಿಂದ ಹತ್ತರ ತನಕ ಬಂದವರು ತಮ್ಮತಮ್ಮಲ್ಲೇ ಆಡಿ, ಉಳಿದ ಎರಡು ಜಾಗ ಗಿಟ್ಟಿಸಿಕೊಳ್ಳಬೇಕು. ಒಟ್ಟು ಹದಿನಾರು ತಂಡ ಒಳಗೆ.

ಅಲ್ಲಿಂದ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ. ಯಾರು ಮೊದಲು ನಾಲ್ಕು ಗೆದ್ದರೋ ಅವರು ಮುಂದಕ್ಕೆ, ಸೋತವರು ಮನೆಗೆ. ನಾಲ್ಕು ಸುತ್ತು ದಾಟಿ ಹದಿನಾರು ಪಂದ್ಯ ಗೆದ್ದವರಿಗೆ ಕಿರೀಟ.

ಒಂದೇ ಪಂದ್ಯದಲ್ಲಿ ತೀರ್ಮಾನ ಮಾಡಿದರೆ ಅದೃಷ್ಟ ಗೆಲ್ಲಬಹುದು. ಏಳು ಆಡಿದರೆ ಯೋಗ್ಯತೆ ಗೆಲ್ಲುತ್ತದೆ ಅನ್ನುವುದು ನಂಬಿಕೆ. ಮೂರು ಸೊನ್ನೆಯಿಂದ ಹಿಂದೆ ಬಿದ್ದ ತಂಡ ಎದ್ದು ಬಂದು ಸರಣಿ ಗೆದ್ದದ್ದು 2025ರ ತನಕ ಒಮ್ಮೆಯೂ ಇಲ್ಲ. ಫೈನಲ್ಲಿನಲ್ಲಿ ಮೂರು ಒಂದರಿಂದ ಹಿಂದೆ ಬಿದ್ದು ಗೆದ್ದದ್ದು ಒಂದೇ ತಂಡ. 2016ರಲ್ಲಿ ಕ್ಲೀವ್‌ಲ್ಯಾಂಡ್. ಎದುರಿಗಿದ್ದದ್ದು ಆ ವರ್ಷ 82ರಲ್ಲಿ 73 ಗೆದ್ದಿದ್ದ ಗೋಲ್ಡನ್ ಸ್ಟೇಟ್ ತಂಡ! ಅರ್ಧ ಶತಮಾನದಿಂದ ಯಾವ ದೊಡ್ಡ ಆಟದಲ್ಲೂ ಕಿರೀಟ ಕಾಣದೆ ಕೂತಿದ್ದ ಊರು ಅಂದು ಬೀದಿಗಿಳಿದು ಕುಣಿಯಿತು.

ಇನ್ನು ಗಲ್ಲಾಪೆಟ್ಟಿಗೆಯ ಕಡೆಯಿಂದ ನೋಡಿ. ಒಂದು ಪಂದ್ಯ ಅಂದರೆ ಒಂದು ರಾತ್ರಿಯ ಟಿಕೆಟ್. ಏಳು ಪಂದ್ಯ ಅಂದರೆ ಏಳು ರಾತ್ರಿಯ ಟಿಕೆಟ್. ಯೋಗ್ಯತೆಯ ಮಾತು ಬೇರೆ, ವ್ಯಾಪಾರದ ಮಾತು ಬೇರೆ. ಇಲ್ಲಿ ಎರಡೂ ಒಂದೇ ದಾರಿಯಲ್ಲಿ ಬಂದಿವೆ. ಅಸಲಿಗೆ ಈ ಲೀಗ್ ಹುಟ್ಟಿದ್ದೇ ಹಾಗೆ. 1946ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿ ಇದನ್ನು ಕಟ್ಟಿದವರಲ್ಲಿ ಬಹಳ ಮಂದಿ ದೊಡ್ಡ ದೊಡ್ಡ ಒಳಾಂಗಣದ ಮಾಲೀಕರು. ಐಸ್ ಹಾಕಿ ಇಲ್ಲದ ರಾತ್ರಿ ಹಾಲು ಖಾಲಿ ಬೀಳುತ್ತದಲ್ಲ, ಬಾಡಿಗೆ ಯಾರು ಕೊಡಬೇಕು ಅಂತ ಚಿಂತೆ. 1949ರಲ್ಲಿ ಸಣ್ಣ ಊರುಗಳ ಇನ್ನೊಂದು ಲೀಗು ಇದರ ಜೊತೆ ಸೇರಿ ಎನ್.ಬಿ.ಎ. ಆಯಿತು. ಸಿರಕ್ಯೂಸ್ ಒಳಗೆ ಬಂದದ್ದು ಹಾಗೆ.

ಹತ್ತೊಂಬತ್ತು – ಹದಿನೆಂಟು!

ಆಗಿನ ಆಟ ನೋಡಿದವರು ನಿದ್ದೆ ಹೋಗುತ್ತಿದ್ದರು. ಸುಮ್ಮನೆ ಹೇಳುವ ಮಾತಲ್ಲ. ನಿಯಮದಲ್ಲೇ ಒಂದು ತೂತು ಇತ್ತು. ಚೆಂಡು ಕೈಗೆ ಸಿಕ್ಕಿದವರು ಎಷ್ಟು ಹೊತ್ತಿಗೆ ಬುಟ್ಟಿಗೆ ಎಸೆಯಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಎರಡು ಪಾಯಿಂಟ್ ಮುಂದೆ ಹೋದ ತಂಡ ಏನು ಮಾಡಬೇಕು? ಚೆಂಡನ್ನು ತಮ್ಮತಮ್ಮಲ್ಲೇ ಕೈ ಬದಲಿಸಿಕೊಂಡು ನಿಂತರೆ ಸಾಕು. ಹೊತ್ತು ಕಳೆಯುತ್ತದೆ, ಆಟ ಗೆಲ್ಲುತ್ತದೆ.

1950ರ ನವೆಂಬರ್ 22ರಂದು ಮಿನಿಯಾಪೊಲಿಸ್‌ನಲ್ಲಿ ಇದರ ಪರಾಕಾಷ್ಠೆ ಆಯಿತು. ಮಿನಿಯಾಪೊಲಿಸ್ ಲೇಕರ್ಸ್ ತಂಡದಲ್ಲಿ ಜಾರ್ಜ್ ಮೈಕನ್ ಅನ್ನುವ ಆರಡಿ ಹತ್ತಂಗುಲದ ಆಜಾನುಬಾಹು. ಅವನೆದುರು ಆಡಿ ಗೆಲ್ಲುವುದು ಕಷ್ಟ. ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಆಡಲೇ ಇಲ್ಲ! ಚೆಂಡು ಹಿಡಿದು ನಿಂತರು. ಜನ ಕೂಗಿದರು, ಬೈದರು. ಇವರು ಜಗ್ಗಲಿಲ್ಲ. 48 ನಿಮಿಷದ ಆಟ ಮುಗಿದಾಗ ಫೋರ್ಟ್ ವೇನ್ 19, ಮಿನಿಯಾಪೊಲಿಸ್ 18. ಕೊನೆಯ ಹನ್ನೆರಡು ನಿಮಿಷದಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು ನಾಲ್ಕೇ ಪಾಯಿಂಟ್. ಹದಿನೆಂಟರಲ್ಲಿ ಹದಿನೈದು ಮೈಕನ್ ಒಬ್ಬನದೇ. ಟಿಕೆಟ್ ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಕು!

ಎದುರಾಳಿ ಚೆಂಡು ಹಿಡಿದು ನಿಂತರೆ ಹಿಂದೆ ಬಿದ್ದವರು ಬಿಡಿಸಿಕೊಳ್ಳುವುದು ಹೇಗೆ? ಮೈಮೇಲೆ ಬಿದ್ದು ಫೌಲ್ ಮಾಡುವುದು. ಫೌಲ್ ಆದರೆ ಎದುರಾಳಿಗೆ ಫ್ರೀ ಥ್ರೋ, ಅಂದರೆ ಅಡ್ಡಿಯಿಲ್ಲದೆ ನಿಂತು ಎಸೆಯುವ ಅವಕಾಶ. ಆಮೇಲಾದರೂ ಚೆಂಡು ಕೈಗೆ ಬರುತ್ತದಲ್ಲ. ಹೀಗೆ ಆಟ ಅನ್ನೋದು ಸೀಟಿ, ಫೌಲು, ಮತ್ತೆ ಸೀಟಿ ಆಗಿಹೋಯಿತು.

1953ರ ಮಾರ್ಚ್ 21ರ ಪ್ಲೇಆಫ್ ಪಂದ್ಯ ಕೇಳಿ. ಬಾಸ್ಟನ್ನಿಗೂ ಸಿರಕ್ಯೂಸಿಗೂ ನಾಲ್ಕು ಸಲ ಹೆಚ್ಚುವರಿ ಹೊತ್ತು ಆಡಿಸಬೇಕಾಯಿತು. ನೂರಕ್ಕೂ ಮಿಕ್ಕಿ ಫೌಲ್. ಬಾಸ್ಟನ್ನಿನ ಬಾಬ್ ಕೂಸಿ ಒಬ್ಬನೇ 50 ಪಾಯಿಂಟ್ ಗಳಿಸಿದ. ವೀರಾವೇಶವೇ ಸರಿ. ಆದರೆ ಅದರಲ್ಲಿ 30 ಬಂದದ್ದು ನಿಂತಲ್ಲಿ ನಿಂತು ಎಸೆದ ಫ್ರೀ ಥ್ರೋದಿಂದ! 111–105ಕ್ಕೆ ಸೋತು ಹೋದದ್ದು ಸಿರಕ್ಯೂಸ್. ತಂಡದ ಮಾಲೀಕ ಬಿಯಾಸೋನ್.

ಅಂಗಡಿಯವನ ಭಾಗಾಕಾರ

ಈ ಬಿಯಾಸೋನ್ ಹುಟ್ಟಿದ್ದು ಇಟಲಿಯಲ್ಲಿ, 1909ರಲ್ಲಿ. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದವ. ಸ್ವತಃ ದೊಡ್ಡ ಆಟಗಾರನೇನೂ ಅಲ್ಲ. ಆದರೆ ಗಿರಾಕಿ ಯಾಕೆ ಎದ್ದು ಹೋಗುತ್ತಾನೆ ಅನ್ನೋದು ಅಂಗಡಿ ನಡೆಸುವವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಆತ ಕೇಳಿಕೊಂಡ ಪ್ರಶ್ನೆ ಸರಳ. ಜನ ಖುಷಿಪಟ್ಟು ನೋಡಿದ ಪಂದ್ಯಗಳಲ್ಲಿ ಏನಿತ್ತು? ಹಳೆಯ ಲೆಕ್ಕದ ಹಾಳೆ ತೆಗೆದು ನೋಡಿದ. ಒಳ್ಳೆಯ ಪಂದ್ಯದಲ್ಲಿ ಒಂದೊಂದು ತಂಡ ಸುಮಾರು 60 ಸಲ ಬುಟ್ಟಿಗೆ ಎಸೆದಿತ್ತು. ಎರಡೂ ಸೇರಿ 120. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. 2,880ನ್ನು 120ರಿಂದ ಭಾಗಿಸಿದರೆ 24. ಮುಗಿಯಿತು! ಚೆಂಡು ಕೈಗೆ ಬಂದ ತಂಡ 24 ಸೆಕೆಂಡಿನೊಳಗೆ ಎಸೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ.

ಲೆಕ್ಕದಲ್ಲಿ ತಂಡದ ಮ್ಯಾನೇಜರ್ ಲಿಯೋ ಫೆರಿಸ್ ಕೈಯೂ ಇತ್ತು ಅನ್ನುವವರುಂಟು. ಇರಲಿ. ಇಬ್ಬರೂ ಸಿರಕ್ಯೂಸಿನವರೇ.

1954ರ ಆಗಸ್ಟಿನಲ್ಲಿ ಬಿಯಾಸೋನ್ ಲೀಗಿನ ಉಳಿದ ಮಾಲೀಕರನ್ನು ತನ್ನ ಊರಿಗೆ ಕರೆಸಿದ. ಅಲ್ಲಿನ ಬ್ಲಾಡ್ಜೆಟ್ ವೃತ್ತಿ ಶಿಕ್ಷಣ ಹೈಸ್ಕೂಲಿನ ಅಂಗಳದಲ್ಲಿ ಆಟಗಾರರನ್ನು ನಿಲ್ಲಿಸಿ, ಗಡಿಯಾರ ಹಿಡಿದು ಆಡಿಸಿ ತೋರಿಸಿದ. ಬಾಯಲ್ಲಿ ಹೇಳಿದರೆ ನಂಬದವರು ಕಣ್ಣಲ್ಲಿ ನೋಡಿ ಒಪ್ಪಿದರು. ಜೊತೆಗೆ ಒಂದು ತಂಡ ಕಾಲು ಪಂದ್ಯಕ್ಕೆ ಇಷ್ಟೇ ಫೌಲ್ ಮಾಡಬಹುದು, ಮೀರಿದರೆ ದಂಡ ಅನ್ನುವ ನಿಯಮವೂ ಬಂತು. ಒಂದು ನಿಯಮ ಚೆಂಡು ಹಿಡಿದು ಕೂರುವವರ ಕೈ ಬಿಡಿಸಿತು. ಇನ್ನೊಂದು ಮೈಮೇಲೆ ಬೀಳುವವರ ಕೈ ಕಟ್ಟಿತು.

ಅದೇ ಅಕ್ಟೋಬರ್ 30ಕ್ಕೆ ಗಡಿಯಾರ ಇಟ್ಟು ಮೊದಲ ಪಂದ್ಯ. ರಾಚೆಸ್ಟರ್ 98, ಬಾಸ್ಟನ್ 95. ಹಿಂದಿನ ವರ್ಷ ಒಂದೊಂದು ತಂಡದ ಸರಾಸರಿ 79.5 ಪಾಯಿಂಟ್ ಇದ್ದದ್ದು ಆ ವರ್ಷ 93.1ಕ್ಕೆ ಏರಿತು. ಔಷಧ ಹತ್ತಿತು ಅನ್ನಿ.

ಆದರೆ ರೋಗ ಆಗಲೇ ಎಷ್ಟು ಬಲಿತಿತ್ತು ಅಂದರೆ, ಬಾಲ್ಟಿಮೋರ್ ತಂಡ ಅದೇ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಉಳಿದದ್ದು ಎಂಟೇ ತಂಡ.

ಛತ್ರ ಬುಕ್ ಆಗಿದೆ ಸ್ವಾಮಿ!

ಆ ಎಂಟರಲ್ಲಿ 1955ರ ಫೈನಲ್ಲಿಗೆ ಬಂದದ್ದು ಯಾರು? ಗಡಿಯಾರ ಕೊಟ್ಟ ಸಿರಕ್ಯೂಸ್, ಗಡಿಯಾರ ಬೇಕಾಗುವಂತೆ ಮಾಡಿದ ಫೋರ್ಟ್ ವೇನ್! ಬರೆದ ನಾಟಕದಲ್ಲಿ ಹೀಗಾದರೆ ನೋಡುವವರು ನಂಬಲಾರರು. ಎರಡೂ ತಂಡ ಆ ವರ್ಷ 72 ಪಂದ್ಯದಲ್ಲಿ ತಲಾ 43 ಗೆದ್ದಿದ್ದವು.

ಎರಡೂ ಸಣ್ಣ ಊರು. ಸಿರಕ್ಯೂಸ್ ನ್ಯೂಯಾರ್ಕ್ ರಾಜ್ಯದ ಒಳನಾಡಿನದು. ಹಿಂದೆ ಉಪ್ಪಿನ ಬುಗ್ಗೆಗಳಿಂದ ಉಪ್ಪು ತೆಗೆದು ಬದುಕಿದ್ದರಿಂದ ಉಪ್ಪಿನ ಊರು ಅಂತಲೇ ಅಡ್ಡಹೆಸರು. 1950ರ ಜನಗಣತಿಯಲ್ಲಿ ಎರಡು ಲಕ್ಷ ಚಿಲ್ಲರೆ ಜನ. ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಅದಕ್ಕಿಂತಲೂ ಚಿಕ್ಕದು, ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು. ಅಲ್ಲಿನ ತಂಡದ ಮಾಲೀಕ ಫ್ರೆಡ್ ಜೋಲ್ನರ್. ಮೋಟಾರಿನ ಪಿಸ್ಟನ್ ತಯಾರಿಸುವ ಕಾರ್ಖಾನೆ ಆತನದು. ಅದಕ್ಕೇ ತಂಡದ ಹೆಸರು ಪಿಸ್ಟನ್ಸ್. ದುಡ್ಡಿದ್ದವ. ಬೇರೆಯವರು ರೈಲು ಹತ್ತಿ ತಿರುಗುವ ಕಾಲದಲ್ಲಿ ತನ್ನ ತಂಡಕ್ಕೆ ಸ್ವಂತ ವಿಮಾನ ಇಟ್ಟಿದ್ದ! ಕೋಚ್ ಆಗಿ ತಂದದ್ದು ಯಾರನ್ನು ಗೊತ್ತೇ? ಅದೇ ಲೀಗಿನಲ್ಲಿ ಸೀಟಿ ಊದುತ್ತಿದ್ದ ರೆಫರಿ ಚಾರ್ಲಿ ಎಕ್‌ಮನ್‌ನನ್ನು.

ಆಗಿನ ಫೈನಲ್ ಪದ್ಧತಿ ಹೀಗೆ: ಮೊದಲ ಎರಡು ಸಿರಕ್ಯೂಸಿನಲ್ಲಿ, ನಡುವಿನ ಮೂರು ಫೋರ್ಟ್ ವೇನಿನಲ್ಲಿ, ಕೊನೆಯ ಎರಡು ಮತ್ತೆ ಸಿರಕ್ಯೂಸಿನಲ್ಲಿ. ಫೋರ್ಟ್ ವೇನಿನಲ್ಲಿ ಆಗ ಹೊಸದಾಗಿ ಕಟ್ಟಿದ್ದ ದೊಡ್ಡ ಸಾರ್ವಜನಿಕ ಸಭಾಂಗಣ. ಯುದ್ಧದಲ್ಲಿ ಮಡಿದವರ ನೆನಪಿಗೆ 1952ರಲ್ಲಿ ತೆರೆದದ್ದು. ಊರಿಗೆ ಊರೇ ಕಾದಿತ್ತು.

ಆದರೆ ಆ ದಿನಗಳಿಗೆ ಹಾಲು ಬುಕ್ ಆಗಿಹೋಗಿತ್ತು! ಮದುವೆ ಛತ್ರ ಕೇಳಲು ಹೋದಾಗ ಮ್ಯಾನೇಜರು ಪುಸ್ತಕ ತೆರೆದು ತಲೆಯಾಡಿಸುತ್ತಾರಲ್ಲ, ಹಾಗೆ. ಬುಕ್ ಮಾಡಿದವರು ಯಾರು? ರಾಷ್ಟ್ರೀಯ ಬೌಲಿಂಗ್ ಸಂಘದವರು, ತಮ್ಮ ಪಂದ್ಯಾವಳಿಗೆ! ಬಿಯಾಸೋನ್‌ನ ಹೊಟ್ಟೆಪಾಡಿನ ಆಟವೇ ಬಂದು ಎದುರಾಳಿಯ ಮನೆಯಂಗಳ ಹಿಡಿದು ಕೂತಿತ್ತು.

ಫೋರ್ಟ್ ವೇನ್ ತಂಡ ತನ್ನ ಪಾಲಿನ ಮೂರೂ ಫೈನಲ್ ಪಂದ್ಯಗಳನ್ನು ಸುಮಾರು ಇನ್ನೂರು ಕಿಲೋಮೀಟರ್ ದೂರದ ಇಂಡಿಯಾನಾಪೊಲಿಸ್ ಪಟ್ಟಣಕ್ಕೆ ಒಯ್ದು ಆಡಿತು. ಫೋರ್ಟ್ ವೇನಿನ ಅಂಗಡಿ ಬೀದಿಗೆ ಫೈನಲ್ ಬರಲೇ ಇಲ್ಲ.  ದೇಶದ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಪಂದ್ಯ ಊರಿನ ಹೆಸರಲ್ಲಿ ನಡೆಯಿತು, ಊರಲ್ಲಿ ನಡೆಯಲಿಲ್ಲ.

ಹನ್ನೊಂದು ದಿನ, ಏಳು ಆಟ

ಮಾರ್ಚ್ 31ಕ್ಕೆ ಶುರು. ಸಿರಕ್ಯೂಸಿನಲ್ಲಿ ಸಿರಕ್ಯೂಸ್ 86–82, 87–84. ಎರಡು ಕೈಯಲ್ಲಿ. ಇಂಡಿಯಾನಾಪೊಲಿಸ್‌ಗೆ ಹೋದರೋ ಇಲ್ಲವೋ, ಗಾಳಿ ತಿರುಗಿತು. ಫೋರ್ಟ್ ವೇನ್ 96–89, 109–102, 74–71. ಮೂರು–ಎರಡು. ಇನ್ನೊಂದು ಗೆದ್ದರೆ ಪಿಸ್ಟನ್ ಕಾರ್ಖಾನೆಗೆ ಕಿರೀಟ. ಆರನೆಯದಕ್ಕೆ ಸಿರಕ್ಯೂಸಿಗೆ ವಾಪಸು ಬಂದರು. ಸಿರಕ್ಯೂಸ್ 109–104. ಮೂರು–ಮೂರು.

ಏಳನೆಯ ಪಂದ್ಯ 1955ರ ಏಪ್ರಿಲ್ 10, ಈಸ್ಟರ್ ಭಾನುವಾರ. ಸಿರಕ್ಯೂಸಿನ ಯುದ್ಧ ಸ್ಮಾರಕ ಸಭಾಂಗಣ. ಎರಡನೆಯ ಕಾಲುಭಾಗದಲ್ಲಿ ಲೆಕ್ಕ ಫೋರ್ಟ್ ವೇನ್ 41, ಸಿರಕ್ಯೂಸ್ 24. ಹದಿನೇಳು ಪಾಯಿಂಟ್ ಹಿಂದೆ!

ಒಂದು ವರ್ಷ ಹಿಂದಾಗಿದ್ದರೆ ಇಲ್ಲಿಗೆ ಆಟ ಮುಗಿದಂತೆಯೇ. ಹತ್ತೊಂಬತ್ತು–ಹದಿನೆಂಟರ ವೀರರು ಚೆಂಡು ಹಿಡಿದು ನಿಂತುಬಿಡುತ್ತಿದ್ದರು. ಈಗ ನಿಲ್ಲುವಂತಿಲ್ಲ. 24 ಎಣಿಸುವುದರೊಳಗೆ ಎಸೆಯಲೇಬೇಕು. ಎಸೆದದ್ದು ಪ್ರತಿಸಲ ಬೀಳುವುದಿಲ್ಲ. ಬೀಳದ ಚೆಂಡು ಸಿರಕ್ಯೂಸಿನ ಕೈಗೆ. ಡಾಲ್ಫ್ ಶೇಯ್ಸ್ ಅನ್ನುವ ಎತ್ತರದ ಆಟಗಾರ ಆ ತಂಡದ ಬೆನ್ನೆಲುಬು. ಒಂದೊಂದೇ ಪಾಯಿಂಟ್ ಕಡಿಮೆಯಾಗುತ್ತಾ ಬಂತು. ಹನಿ ಹನಿ ಕೂಡಿ ಹಳ್ಳ ಅನ್ನುವ ಹಾಗೆ ಹದಿನೇಳೂ ಕರಗಿತು.

ಕೊನೆಯ ನಿಮಿಷದಲ್ಲಿ 91–91. ಇನ್ನು 12 ಸೆಕೆಂಡ್ ಉಳಿದಿದೆ. ಸಿರಕ್ಯೂಸಿನ ಜಾರ್ಜ್ ಕಿಂಗ್ ಫ್ರೀ ಥ್ರೋ ಎಸೆದು ಒಂದು ಪಾಯಿಂಟ್ ಗಳಿಸಿದ. 92–91. ಚೆಂಡು ಫೋರ್ಟ್ ವೇನಿಗೆ. ಆಂಡಿ ಫಿಲಿಪ್ ಚೆಂಡು ತಟ್ಟುತ್ತಾ ಮುಂದೆ ಬಂದ. ಒಂದು ಬುಟ್ಟಿ ಬಿದ್ದರೆ ಕಿರೀಟ. ಮೂರೇ ಸೆಕೆಂಡ್ ಇರುವಾಗ ಅದೇ ಜಾರ್ಜ್ ಕಿಂಗ್ ಕೈ ಹಾಕಿ ಚೆಂಡನ್ನು ಕಸಿದುಕೊಂಡ! ಸಭಾಂಗಣ ಹಾರಿಹೋಗುವ ಹಾಗೆ ಕೂಗು.

ಏಳಕ್ಕೆ ಏಳೂ ಪಂದ್ಯ ಆತಿಥೇಯರದೇ. ಲೆಕ್ಕ ಬರೆಯುವವರಿಗೆ ಇನ್ನೊಂದು ಸ್ವಾರಸ್ಯ ಇದೆ. ಏಳೂ ಪಂದ್ಯದ ಪಾಯಿಂಟ್ ಕೂಡಿ ನೋಡಿ. ಗೆದ್ದ ಸಿರಕ್ಯೂಸ್ 636. ಸೋತ ಫೋರ್ಟ್ ವೇನ್ 640! ಒಟ್ಟು ವಹಿವಾಟಿನಲ್ಲಿ ನಾಲ್ಕು ಹೆಚ್ಚು, ಆದರೂ ಕಿರೀಟ ಇಲ್ಲ. ಸರಣಿಯ ಲೆಕ್ಕವೇ ಹಾಗೆ. ಎಷ್ಟು ಗಳಿಸಿದೆ ಅನ್ನೋದಕ್ಕಿಂತ ಯಾವಾಗ ಗಳಿಸಿದೆ ಅನ್ನೋದೇ ಮುಖ್ಯ.

ಆ ಗೆದ್ದ ತಂಡದಲ್ಲಿ ಅರ್ಲ್ ಲಾಯ್ಡ್, ಜಿಮ್ ಟಕ್ಕರ್ ಅನ್ನುವ ಇಬ್ಬರು ಕರಿಯ ಆಟಗಾರರಿದ್ದರು. ಎನ್.ಬಿ.ಎ. ಕಿರೀಟ ಗೆದ್ದ ಮೊದಲ ಕರಿಯ ಆಟಗಾರರು ಇವರೇ. ಲಾಯ್ಡ್ 1950ರಲ್ಲಿ ಆ ಲೀಗಿನ ಪಂದ್ಯಕ್ಕಿಳಿದ ಮೊದಲ ಕರಿಯ ಆಟಗಾರನೂ ಹೌದು. ಸಣ್ಣ ಊರು ಅಂತ ಮೂಗು ಮುರಿಯುವವರು ಇದನ್ನೂ ನೆನಪಿಡಬೇಕು.

ಒಬ್ಬೊಬ್ಬರೇ ಗಂಟು ಕಟ್ಟಿದರು

ಇಲ್ಲಿಗೆ ಶುಭಂ ಅನ್ನಬಹುದಿತ್ತು. ಆದರೆ ವ್ಯಾಪಾರ ಚೆನ್ನಾದ ಮೇಲೆ ಅಂಗಡಿ ಎಲ್ಲಿರಬೇಕು ಅನ್ನುವ ಪ್ರಶ್ನೆ ಏಳುತ್ತದೆ. ಗಡಿಯಾರದಿಂದ ಆಟ ಚುರುಕಾಯಿತು. ಚುರುಕಾದ ಆಟಕ್ಕೆ ಜನ ಹೆಚ್ಚಿದರು. ದೂರದ ಊರಿಗೆ ವಿಮಾನ ಬಂತು, ಮನೆಗೆ ಟೆಲಿವಿಷನ್ ಬಂತು. ಹತ್ತು ಪಟ್ಟು ಜನ ಇರುವ ಪಟ್ಟಣ ಇರುವಾಗ ಎರಡು ಲಕ್ಷದ ಊರಲ್ಲಿ ಯಾಕೆ ಕೂರಬೇಕು ಅಂತ ಮಾಲೀಕರಿಗೆ ಅನ್ನಿಸತೊಡಗಿತು.

1955ರಲ್ಲೇ ಮಿಲ್ವಾಕೀ ತಂಡ ಸೇಂಟ್ ಲೂಯಿಸ್‌ಗೆ ಹೋಯಿತು. 1957ರಲ್ಲಿ ರಾಚೆಸ್ಟರ್ ತಂಡ ಸಿನ್ಸಿನಾಟಿಗೆ. ಅದೇ ವರ್ಷ ಜೋಲ್ನರ್ ತನ್ನ ಪಿಸ್ಟನ್ಸ್ ತಂಡವನ್ನು ಡೆಟ್ರಾಯಿಟ್‌ಗೆ ಒಯ್ದ. ಆತನ ಪಿಸ್ಟನ್ ಕೊಳ್ಳುವ ಮೋಟಾರು ಕಂಪನಿಗಳು ಇದ್ದದ್ದು ಡೆಟ್ರಾಯಿಟ್‌ನಲ್ಲೇ. ಗಿರಾಕಿ ಇದ್ದ ಕಡೆಗೆ ಸಾಮಾನು ಹೋಯಿತು ಅಷ್ಟೆ. 1960ರಲ್ಲಿ ಮಿನಿಯಾಪೊಲಿಸ್‌ನ ಲೇಕರ್ಸ್ ಲಾಸ್ ಏಂಜಲೀಸ್‌ಗೆ. 1962ರಲ್ಲಿ ಫಿಲಡೆಲ್ಫಿಯಾ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ.

ಸಣ್ಣ ಊರುಗಳ ಪೈಕಿ ಕೊನೆಯವರೆಗೆ ನಿಂತದ್ದು ಬಿಯಾಸೋನ್ ಒಬ್ಬನೇ. 1963ರಲ್ಲಿ ಆತನೂ ತಂಡವನ್ನು ಫಿಲಡೆಲ್ಫಿಯಾದವರಿಗೆ ಮಾರಿದ. ಸಿರಕ್ಯೂಸ್ ತಂಡವೇ ಇವತ್ತಿನ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್. 1967ರಲ್ಲಿ, 1983ರಲ್ಲಿ ಮತ್ತೆ ಕಿರೀಟ ಗೆದ್ದಿತು, ಬೇರೆ ಊರಿನ ಹೆಸರಲ್ಲಿ.

1955ರ ಆ ಎಂಟು ತಂಡಗಳೂ ಇವತ್ತಿಗೂ ಬದುಕಿವೆ. ಒಂದೂ ಸತ್ತಿಲ್ಲ. ಅಷ್ಟರ ಮಟ್ಟಿಗೆ ಬಿಯಾಸೋನ್ ಲೆಕ್ಕ ಗೆದ್ದಿತು. ಆದರೆ ಅವತ್ತಿನ ಊರಲ್ಲೇ ಉಳಿದವು ಎರಡೇ: ನ್ಯೂಯಾರ್ಕ್, ಬಾಸ್ಟನ್. ಎರಡೂ ಮೊದಲೇ ದೊಡ್ಡ ಪಟ್ಟಣ.

ಬಿಯಾಸೋನ್ ಮಾತ್ರ ಊರು ಬಿಡಲಿಲ್ಲ. ಬೌಲಿಂಗ್ ಹಾಲ್ ನಡೆಸಿಕೊಂಡೇ ಇದ್ದ. 1992ರಲ್ಲಿ ತೀರಿಕೊಂಡ. 2000ದಲ್ಲಿ ಬ್ಯಾಸ್ಕೆಟ್‌ಬಾಲಿನ ಕೀರ್ತಿಭವನಕ್ಕೆ ಆತನ ಹೆಸರು ಸೇರಿತು. ಎಂಟು ವರ್ಷ ತಡವಾಗಿ.

ಅದೇ 2000ದಲ್ಲಿ ಇನ್ನೊಂದು ನಡೆಯಿತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ತಾನು ಪಾಲಿಸುತ್ತಿದ್ದ 30 ಸೆಕೆಂಡಿನ ನಿಯಮ ಬಿಟ್ಟು 24ಕ್ಕೆ ಇಳಿಯಿತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಪಂದ್ಯಾವಳಿ ನಡೆದು, ಭಾರತದ ಹೆಣ್ಣುಮಕ್ಕಳು ಬಿ ವಿಭಾಗದ ಫೈನಲ್ಲಿನಲ್ಲಿ ಕಜಕಸ್ತಾನವನ್ನು ಎರಡೇ ಪಾಯಿಂಟಿನಿಂದ ಸೋಲಿಸಿದಾಗ, ಬುಟ್ಟಿಯ ಮೇಲೆ ಓಡುತ್ತಿದ್ದದ್ದು ಈ ಅಂಗಡಿಯವನ ಭಾಗಾಕಾರವೇ.

ನೂರಕ್ಕೆ ಒಂದು ಡಾಲರ್

ಹಳೆಯ ಕತೆ ಆಯಿತು, ಈಗಿನದು ಏನು ಅಂತ ಕೇಳಬಹುದು. 2025ರ ಫೈನಲ್ ನೋಡಿ. ಇಂಡಿಯಾನಾಪೊಲಿಸ್‌ನ ಇಂಡಿಯಾನಾ ತಂಡಕ್ಕೂ ಒಕ್ಲಹೋಮ ಸಿಟಿಗೂ ಏಳು ಪಂದ್ಯದ ಹೋರಾಟ. ಎಪ್ಪತ್ತು ವರ್ಷದ ಹಿಂದೆ ಫೋರ್ಟ್ ವೇನಿನವರು ಬಾಡಿಗೆಗೆ ಹೋಗಿ ಆಡಿದ ಅದೇ ಪಟ್ಟಣಕ್ಕೆ ಈಗ ಸ್ವಂತ ತಂಡ. ಜೂನ್ 22ರ ಏಳನೆಯ ಪಂದ್ಯದಲ್ಲಿ ಇಂಡಿಯಾನಾದ ಮುಖ್ಯ ಆಟಗಾರ ಟೈರಿಸ್ ಹ್ಯಾಲಿಬರ್ಟನ್ ಮೊದಲ ಕಾಲುಭಾಗದಲ್ಲೇ ಹಿಮ್ಮಡಿಯ ನರ ಹರಿದು ಕುಸಿದ. ಒಕ್ಲಹೋಮ ಸಿಟಿ 103–91ಕ್ಕೆ ಗೆದ್ದಿತು.

ಅಬ್ಬಾ, ದೊಡ್ಡ ಪಟ್ಟಣಗಳ ನಡುವೆ ಏಳು ಲಕ್ಷದ ಊರಿಗೆ ಕಿರೀಟ! ಸಂತೋಷವೇ. ಆದರೆ ಆ ತಂಡ ಅಲ್ಲಿಗೆ ಬಂದದ್ದು 2008ರಲ್ಲಿ, ಸಿಯಾಟಲ್‌ನಿಂದ. ನಲವತ್ತೊಂದು ವರ್ಷ ಸಿಯಾಟಲ್‌ನಲ್ಲಿ ಆಡಿ, 1979ರಲ್ಲಿ ಅಲ್ಲಿಗೆ ಕಿರೀಟ ತಂದ ತಂಡ. ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕರ ದುಡ್ಡು ಕೊಡುವ ಮಾತು ಕುದುರದೆ ಹೋಗಿ, ಅದು ಎದ್ದು ನಡೆಯಿತು. ಒಬ್ಬರ ಮನೆಯ ದೀಪ ಇನ್ನೊಬ್ಬರ ಮನೆಯಲ್ಲಿ ಉರಿಯುತ್ತಿದೆ.

ಒಕ್ಲಹೋಮ ಸಿಟಿಯವರಿಗೆ ಇದು ಗೊತ್ತು. ಸಿಯಾಟಲ್‌ನಿಂದ ಬಂದದ್ದು ನಾಳೆ ಇಲ್ಲಿಂದಲೂ ಹೋಗಬಹುದು. ಅದಕ್ಕೇ 2023ರ ಡಿಸೆಂಬರ್ 12ರಂದು ಊರಿಗೆ ಊರೇ ಮತ ಹಾಕಿತು. ಕನಿಷ್ಠ 90 ಕೋಟಿ ಡಾಲರಿನ ಹೊಸ ಕ್ರೀಡಾಂಗಣ. ದುಡ್ಡು ಎಲ್ಲಿಂದ? ಅಂಗಡಿ ಬಿಲ್ಲಿನ ಮೇಲೆ ನೂರಕ್ಕೆ ಒಂದರ ಮಾರಾಟ ತೆರಿಗೆ, ಆರು ವರ್ಷ. ಈಗಾಗಲೇ ಇರುವ ಅಷ್ಟೇ ತೆರಿಗೆ ಮುಗಿದ ಕೂಡಲೇ ಇದು ಶುರು. ತಂಡದ ಮಾಲೀಕರ ಪಾಲು 5 ಕೋಟಿ. ನೂರಕ್ಕೆ ಎಪ್ಪತ್ತೊಂದು ಮತ ಹೌದು ಅಂದಿತು. ಬದಲಿಗೆ ತಂಡ 2050ರ ತನಕ ಅಲ್ಲೇ ಇರುವ ಮಾತು ಕೊಟ್ಟಿತು.

ಇದು ಲಾಭದ ವ್ಯಾಪಾರವೇ? ಸಾರ್ವಜನಿಕರ ದುಡ್ಡಿನ ಕ್ರೀಡಾಂಗಣಗಳು ಹಾಕಿದ ಬಂಡವಾಳ ವಾಪಸು ತರುವುದು ಅಪರೂಪ ಅಂತ ಇದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿಯ ಅಭಿಪ್ರಾಯ. ಆಟದ ದಿನ ಹೋಟೆಲಿಗೆ ಬಂದ ಗಿರಾಕಿ ಇನ್ನೊಂದು ದಿನ ಸಿನಿಮಾಕ್ಕೆ ಹೋಗುವುದು ತಪ್ಪುತ್ತದೆ. ಊರಿನ ಒಟ್ಟು ಕಾಸು ಅಷ್ಟೇ ಅಂತ ಅವರ ವಾದ. ಒಕ್ಲಹೋಮ ಸಿಟಿಯ ಮತದಾರರಿಗೆ ಈ ವಾದ ಕೇಳದೆ ಇರಲಿಲ್ಲ. ಕೇಳಿಯೂ ಹೌದು ಅಂದರು. ಊರಿನ ಹೆಸರು ದೇಶವೆಲ್ಲ ಕೂಗುವುದಕ್ಕೆ ನೂರಕ್ಕೆ ಒಂದು ಕೊಡಬಹುದು ಅಂತ ಅವರ ಲೆಕ್ಕ. ಸರಿಯೋ ತಪ್ಪೋ, ಕೊಡುವವರು ಅವರೇ.

1963ರ ಸಿರಕ್ಯೂಸಿನ ಮುಂದೆ ಇಂಥ ಮತಪತ್ರ ಯಾರೂ ಇಟ್ಟಿರಲಿಲ್ಲ. ಇಟ್ಟಿದ್ದರೂ ಎರಡು ಲಕ್ಷದ ಊರಿನ ಅಂಗಡಿ ಬಿಲ್ಲಿಗೆ ಲಾಸ್ ಏಂಜಲೀಸನ್ನು ಎದುರಿಸುವ ಶಕ್ತಿ ಇತ್ತೇ ಅನ್ನೋದು ಬೇರೆ ಮಾತು. ಕಟ್ಟಡ ಇತ್ತು, ಜನ ಇದ್ದರು, ಕಿರೀಟವೂ ಇತ್ತು. ಸಾಲಲಿಲ್ಲ. ಈಗ ಆ ಊರಿನವರು ತಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಕಿಕ್ಕಿರಿದು ಸೇರುತ್ತಾರೆ. ಕಾಲೇಜನ್ನು ಯಾರೂ ಲಾರಿಗೆ ಹಾಕಿಕೊಂಡು ಹೋಗಲಾರರಲ್ಲ!

2005ರಲ್ಲಿ ಸಿರಕ್ಯೂಸಿನ ಆರ್ಮರಿ ಚೌಕದಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಕುದುರೆ ಇಲ್ಲ, ಕತ್ತಿ ಇಲ್ಲ. ಬರೀ ಒಂದು ಗಡಿಯಾರ. 24ರಿಂದ ಹಿಂದಕ್ಕೆ ಎಣಿಸುತ್ತದೆ: 24, 23, 22... ಸೊನ್ನೆಗೆ ಬಂದ ಮೇಲೆ ಮತ್ತೆ 24. ಎಸೆಯಲು ಅಲ್ಲಿ ಚೆಂಡಿಲ್ಲ, ಬೀಳಲು ಬುಟ್ಟಿ ಇಲ್ಲ. ಗಡಿಯಾರ ಮಾತ್ರ ಊರಿನದು.